ಗಾಳಿಯ ಸಂಘಕ್ಕೆ ಮೊಸ್ಕೂಲಾ ಹಾಕಿದ ಊಟ

ಮೊಸ್ಕೂಲಾಳ ವಿಷಯ ಹೇಳಬೇಕೆಂದರೆ ಅವಳ ಸೌದೆ ಒಲೆಯಿಂದಲೇ ಶುರುಮಾಡಬೇಕು. ನಮ್ಮ ದ್ವೀಪದ ಮೇಲೂರಿನ ಇಳಿಜಾರಿನಲ್ಲಿ, ನಮ್ಮ ಮನೆಗೆ ಗೋಡೆ ಅಂಟಿಕೊಂಡೇ ಅವಳ ಬೇಕರಿ ಇದೆ. ಚಳಿಗಾಲದಲ್ಲಿ ನಮ್ಮ ಮಲಗುವ ಕೋಣೆ ಬೆಚ್ಚಗಿರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅದು ಗಂಡನ ಮನೆಯವರು ನನಗಾಗಿ ಮಾಡಿದ ಏರ್ಪಾಡು ಎಂದುಕೊಂಡು ಬಹಳ ಸಂತೋಷಪಟ್ಟಿದ್ದೆ. ಆಮೇಲೆ ತಿಳಿಯಿತು, ಪಕ್ಕದ ಮನೆಯ ಬ್ರೆಡ್ಡಿನ ಶಾಖ ಅದು ಎಂದು. ಹಾಗಾಗಿ ಮೊಸ್ಕೂಲಾಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಋಣ ಉಂಟು. ಅವಳ ಮಗಳಿಗೆ ನಾನೇ ಧರ್ಮತಾಯಿ. ಅದೂ ಒಂದು ಸಂಬಂಧವೇ.

ನಮ್ಮಲ್ಲಿ ಶನಿವಾರ ಸಂಜೆ ಯಾರೂ ಮನೆಯಲ್ಲಿ ಅಡುಗೆ ಮಾಡುವುದಿಲ್ಲ. ಬಿಳಿ ಕಡಲೆ ನೆನೆಸಿ, ಈರುಳ್ಳಿ ಹೆಚ್ಚಿಹಾಕಿ, ಎಣ್ಣೆ ಸುರಿದು, ಒಂದೆರಡು ಪಲಾವ್ ಎಲೆ ಹಾಕಿ ಮಣ್ಣಿನ ಗಡಿಗೆಯ ಬಾಯಿ ಮುಚ್ಚಿ ಮೊಸ್ಕೂಲಾಳ ಹತ್ತಿರ ತಂದು ಕೊಡುತ್ತೇವೆ. ಬ್ರೆಡ್ಡು ಸುಟ್ಟು ಮುಗಿದ ಒಲೆಯಲ್ಲಿ ಊರಿನ ಗಡಿಗೆಗಳೆಲ್ಲ ಕೂತು, ಆರುತ್ತಿರುವ ಕೆಂಡದ ಹದದಲ್ಲಿ ಬೇಯುತ್ತವೆ. ಭಾನುವಾರ ಚರ್ಚು ಮುಗಿಸಿ ಬಂದು ಅವರವರ ಗಡಿಗೆ ಅವರವರು ತೆಗೆದುಕೊಂಡು ಹೋಗುತ್ತಾರೆ. ಗುರುತಿಗೆ ಒಬ್ಬರು ತಂತಿ ಸುತ್ತಿರುತ್ತಾರೆ, ಒಬ್ಬರು ಕೆಂಪು ಬಟ್ಟೆ ಕಟ್ಟಿರುತ್ತಾರೆ. ಪಾದ್ರಿಗಳ ಗಡಿಗೆಗೆ ಕಿವಿಯೇ ಇಲ್ಲ, ಅದೇ ಗುರುತು. ಗಡಿಗೆ ಅದಲುಬದಲಾದರೆ ಸುಮ್ಮನಲ್ಲ. ನನ್ನ ಸೋದರತ್ತೆಯ ನಿಶ್ಚಿತಾರ್ಥ ಮುರಿದದ್ದೇ ಹಾಗೆ. ಗಂಡಿನ ಮನೆಯವರು ನಮ್ಮ ಗಡಿಗೆ ಒಯ್ದು, ತಿಂದು, "ಎಣ್ಣೆ ಸಾಲದು" ಅಂದರಂತೆ. ಬೇರೆಯವರ ಕಡಲೆ ತಿಂದದ್ದಲ್ಲದೆ ಮೇಲೊಂದು ಮಾತು. ಅದಿರಲಿ.

ಮೊಸ್ಕೂಲಾ ಕುಳ್ಳಗೆ, ದುಂಡಗೆ, ಎರಡೂ ಮುಂಗೈ ಮೇಲೆ ಒಲೆಯ ಬರೆ. ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರವಾಗಿ ಹಾಡುತ್ತಾಳೆ. ಪಾದ್ರಿಗಳು ಒಮ್ಮೆ, "ದೇವರು ಹತ್ತಿರದಲ್ಲೇ ಇದ್ದಾನಮ್ಮ, ಮೆಲ್ಲಗೆ ಹಾಡಿದರೂ ಕೇಳುತ್ತೆ" ಅಂದರು. ಅವಳು, "ನಮ್ಮ ಮನೆಯವರಿಗೂ ಕೇಳಿಸ್ಬೇಕಲ್ಲ ಫಾದರ್, ಅವರು ದೋಣೀಲಿ ದೂರ ಇದ್ದಾರೆ" ಅಂದಳು. ಮನೆಯವರು ಅಂದರೆ ಯಾಕೂಮಿಸ್, ಮೀನುಗಾರ. ಮಾತು ಬಹಳ ಕಡಿಮೆ. ಬೇಕರಿ ಅವನ ಅಪ್ಪ ಅಮ್ಮನದು, ಆದರೆ ಅವನಿಗೆ ಹಿಟ್ಟು ಕಂಡರೆ ಸೀನು, ಸಮುದ್ರ ಕಂಡರೆ ಮಾತ್ರ ಉಸಿರು. ಹಾಗಾಗಿ ಒಲೆ ಸೊಸೆಯ ಪಾಲಿಗೆ ಬಂತು.

ಅವಳು ಹುಟ್ಟಿದ್ದು ಮಾತ್ರ ಗುಡ್ಡದ ನೆತ್ತಿಯಲ್ಲಿ, ಸಂತ ಎಲಿಯಾಸನ ಪುಟ್ಟ ಚರ್ಚಿನ ಪಕ್ಕ. ಅವಳ ಅಪ್ಪ ನಮ್ಮ ದ್ವೀಪದ ಕೊನೆಯ ಗಾಳಿಗಿರಣಿಯವನು. ಬಾರ್ಲಿ ಹೊತ್ತ ಕತ್ತೆಗಳು ಗುಡ್ಡ ಹತ್ತುತ್ತಿದ್ದವು, ಹಿಟ್ಟು ಹೊತ್ತು ಇಳಿಯುತ್ತಿದ್ದವು. ಗಿರಣಿಯ ರೆಕ್ಕೆಗೆ ಕಟ್ಟುವ ಹಾಯಿಬಟ್ಟೆ ಹರಿದರೆ ಹೊಲಿಯುತ್ತಿದ್ದವಳು ಇವಳೇ. ಯಾವ ಗಾಳಿಗೆ ಎಷ್ಟು ಬಟ್ಟೆ ಬಿಚ್ಚಬೇಕು ಎಂದು ಅಪ್ಪ ಕೂಗಿ ಹೇಳುವ ಮೊದಲೇ ಬಿಚ್ಚಿರುತ್ತಿದ್ದಳು. ಆಮೇಲೆ ಹಡಗಿನಲ್ಲಿ ಚೀಲ ಚೀಲ ಹಿಟ್ಟು ಬರತೊಡಗಿತು. ಗಿರಣಿ ನಿಂತಿತು. ಅವಳ ಅಪ್ಪ ಬಂದರಿಗೆ ಇಳಿದು, ಅದೇ ಚೀಲಗಳನ್ನು ಇಳಿಸುವ ಕೂಲಿ ಮಾಡಿದ. ಸಂಜೆ ಬಂದರಿನ ಕಟ್ಟೆಯ ಮೇಲೆ ಎಲ್ಲರೂ ಸಮುದ್ರ ನೋಡುತ್ತ ಕೂತರೆ ಆ ಮನುಷ್ಯ ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡ ನೋಡುತ್ತ ಕೂರುತ್ತಿದ್ದ. ನಾನು ನೋಡಿದ್ದೇನೆ. ಆ ಗುಡ್ಡದ ಮೇಲೆ ಮೊಸ್ಕೂಲಾಳಿಗೆ ಯಾಕಷ್ಟು ಜೀವ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಈಗ ಕರೆಂಟಿನ ಸಂಘದ ಮಾತು. ನಮ್ಮ ದ್ವೀಪಕ್ಕೆ ಕರೆಂಟು ಬರುತ್ತಿದ್ದುದು ಬಂದರಿನ ಡೀಸೆಲ್ ಎಂಜಿನ್‌ಗಳಿಂದ. ಆಗಸ್ಟಿನಲ್ಲಿ ಪ್ರವಾಸಿಗಳು ತುಂಬಿದಾಗ ಅವು ಕೈಚೆಲ್ಲುತ್ತಿದ್ದವು. ಅಂಥ ಒಂದು ಆಗಸ್ಟಿನಲ್ಲಿ ಕಪ್ತಾನ ಫಾನೂರಿಸ್, ನಿವೃತ್ತ ಹಡಗಿನವನು, ಊರವರನ್ನು ಸೇರಿಸಿ, "ಬಿಸಿಲು ನಮ್ಮದು, ಸೂರು ನಮ್ಮದು, ಕರೆಂಟು ಮಾತ್ರ ಯಾಕೆ ಪರರದು?" ಅಂದ. ಮನೆಮನೆಯವರೂ ಪಾಲು ಹಾಕಿ ಸಹಕಾರ ಸಂಘ ಕಟ್ಟಿದರು. ಶಾಲೆಯ ಮೇಲೆ, ಎಣ್ಣೆ ಗಾಣದ ಮೇಲೆ ಸೋಲಾರ್ ಫಲಕ ಹಾಕಿದರು. ಹೆಚ್ಚು ಪಾಲು ಹಾಕಿದವನಿಗೂ ಒಂದೇ ಮತ, ಕಡಿಮೆ ಹಾಕಿದವನಿಗೂ ಒಂದೇ ಮತ. ಕಪ್ತಾನನೇ ಅಧ್ಯಕ್ಷ. ಫಲಕಗಳ ಕರೆಂಟು ಮೊದಲು ಹರಿದ ದಿನ ಅವನು ಊರಿಗೆಲ್ಲ ಊಟ ಹಾಕಿದ. ಮೇಕೆ ಮಾಂಸ, ಕಡಲೆ, ವೈನು, ಪಿಟೀಲು, ಕುಣಿತ. ಆ ಊಟವನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರಿಂದಲೇ ಆದದ್ದು.

ಹಾಗೆ ಚೆನ್ನಾಗಿ ನಡೆಯುತ್ತಿರುವಾಗ ಅಥೆನ್ಸಿನ ಕಡೆಯ ಒಂದು ಕಂಪನಿಯ ಕಣ್ಣು ನಮ್ಮ ಗುಡ್ಡದ ಮೇಲೆ ಬಿತ್ತು. ನೆತ್ತಿಯ ಉದ್ದಕ್ಕೂ ಸಾಲುಗಟ್ಟಿ ಗಾಳಿಯಂತ್ರ ನಿಲ್ಲಿಸಿ, ಕರೆಂಟನ್ನು ಸಮುದ್ರದಡಿ ಸಾಗಿಸುವ ಲೆಕ್ಕ ಅವರದು. ಚರ್ಚಿನ ಎರಡೂ ಪಕ್ಕ ಯಂತ್ರ, ಮಧ್ಯದಲ್ಲಿ ಪಾಪ, ಸಂತ ಎಲಿಯಾಸ. ಊರವರು ಕೂಗಾಡಿ ಅವರನ್ನು ಹಡಗು ಹತ್ತಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಮೊಸ್ಕೂಲಾ. ಆದರೆ ಕಂಪನಿ ಬಿಡಲಿಲ್ಲ. ಆಗ ಸಂಘದ ಎಂಜಿನಿಯರು ಹುಡುಗಿ ಮಿರ್ತೊ, ಅಪ್ಪನ ಕಡೆಯಿಂದ ನಮ್ಮವಳೇ, ಬೆಳೆದದ್ದು ಅಥೆನ್ಸಿನಲ್ಲಿ, ಒಂದು ದಾರಿ ಹುಡುಕಿದಳು. ಈಸ್ಟರ್ ಒಳಗೆ ಊರಿನ ಸಂಘವೇ ಅರ್ಜಿ ಹಾಕಿದರೆ ಗುಡ್ಡದ ಗಾಳಿ ಊರಿನ ಪಾಲಿಗೆ. ಚರ್ಚಿನಿಂದ ದೂರ, ಹಳೆ ಕಲ್ಲುಗಣಿಯ ಹತ್ತಿರ ಒಂದೇ ಯಂತ್ರ, ಊರಿನದೇ. ಹಾಕದಿದ್ದರೆ ಜಾಗ ಕಂಪನಿಗೆ.

ಅರ್ಜಿಗೆ ಅಧ್ಯಕ್ಷರ ಸಹಿ ಬೇಕು. ಅಷ್ಟರಲ್ಲಿ ಕಪ್ತಾನ ಫಾನೂರಿಸ್ ಮೊಣಕಾಲು ನೋವೆಂದು ಹುದ್ದೆ ಬಿಟ್ಟು ಅಥೆನ್ಸಿನ ಪಕ್ಕದ ಪಿರೇಯಸ್ಸಿನ ಮಗಳ ಮನೆ ಸೇರಿದ್ದ. ಇನ್ನು ಮುಂದೆ ವರ್ಷಕ್ಕೊಬ್ಬರು ಸರದಿಯ ಮೇಲೆ ಅಧ್ಯಕ್ಷರಾಗಬೇಕು ಎಂದು ಮಿರ್ತೊ ಹೇಳಿದಳು. ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ಊರು ಪೂರ್ತಿ ಬಂದಿತ್ತು.

"ಯಾರು ನಿಲ್ತೀರಿ?" ಅಂದಳು ಮಿರ್ತೊ.

ಎಲ್ಲರೂ ಸೂರು ನೋಡಿದರು. ನಾನೂ ನೋಡಿದೆ. ಸೂರಿನಲ್ಲಿ ಒಂದು ಬಿರುಕಿತ್ತು. ಅದು ನಮ್ಮೂರಿನ ನಕಾಶೆಯ ಹಾಗೇ ಇತ್ತು, ಬಂದರು ಸಮೇತ.

ಇನ್ನೊಂದು ಸಭೆ ಆಯಿತು. ಅಲ್ಲೂ ಅದೇ ಬಿರುಕು. ಜನಕ್ಕೆ ಗಾಳಿಯಂತ್ರ ಇಷ್ಟವಿಲ್ಲ ಎಂದುಕೊಂಡಳು ಮಿರ್ತೊ, ಪಾಪ. ದೊಡ್ಡ ದೊಡ್ಡ ಚಿತ್ರ ಮಾಡಿಸಿದಳು. ಯಂತ್ರದ ಸದ್ದು ಎಷ್ಟು, ನೆರಳು ಎಲ್ಲಿಯವರೆಗೆ, ಹಕ್ಕಿಗಳು ಯಾವ ದಾರಿಯಲ್ಲಿ ಹೋಗುತ್ತವೆ, ಎಲ್ಲ. ಒಬ್ಬ ಪ್ರೊಫೆಸರರನ್ನೂ ಕರೆತಂದಳು. ಒಳ್ಳೆಯ ಮನುಷ್ಯ, ಗಂಟಲು ಕಟ್ಟುವವರೆಗೆ ಮಾತಾಡಿದರು. ಜನ ಚಪ್ಪಾಳೆ ಹೊಡೆದರು, ಬಿಸ್ಕತ್ತು ತಿಂದರು, ಮನೆಗೆ ಹೋದರು.

ನಿಜ ಏನೆಂದರೆ, ಯಂತ್ರ ಬೇಡ ಎನ್ನುವವರು ಊರಲ್ಲಿ ಒಬ್ಬರೂ ಇರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಸಂತನ ಪಟ ವರ್ಷಕ್ಕೊಂದು ಮನೆಯಲ್ಲಿ ಇರುತ್ತದೆ. ಪಟ ಯಾರ ಮನೆಯಲ್ಲಿದೆಯೋ ಅವರು ಹಬ್ಬದ ದಿನ ಬಂದವರಿಗೆಲ್ಲ ಊಟ ಹಾಕಬೇಕು. ಪಟ ಊರಿನದು, ಊಟ ಸರದಿಯವರದು. ಮರುವರ್ಷ ಪಟ ಇನ್ನೊಂದು ಮನೆಗೆ. ಬಡವರಾದರೂ ಹಾಕುತ್ತಾರೆ, ವರ್ಷಗಟ್ಟಲೆ ಕೂಡಿಟ್ಟು ಹಾಕುತ್ತಾರೆ. ಊಟ ಕೆಟ್ಟರೆ ಹೆಸರು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಪ್ರೊಕೋಪಿಸನ ತಾತ ಹಬ್ಬದ ವೈನಿಗೆ ನೀರು ಬೆರೆಸಿದನಂತೆ, ನಾನು ಹುಟ್ಟುವ ಮುಂಚೆ. ಪ್ರೊಕೋಪಿಸನಿಗೆ ಈಗ ಗುಡ್ಡದ ತುಂಬ ಮೇಕೆ, ಒಳ್ಳೆಯ ದ್ರಾಕ್ಷಿ ತೋಟ. ಆದರೂ ಅವನ ಮನೆಗೆ ದಾರಿ ಕೇಳಿದರೆ ಊರವರು, "ನೀರಿನವರ ಮನೆಯಾ? ಎಡಕ್ಕೆ ತಿರುಗಿ" ಅನ್ನುತ್ತಾರೆ.

ಊರಿಗೆ ಸೇರಿದ್ದು, ವರ್ಷಕ್ಕೊಬ್ಬರ ಸರದಿ ಅಂದಮೇಲೆ ನಮ್ಮ ತಲೆಗೆ ಬೇರೆ ಇನ್ನೇನು ಬರಬೇಕು? ಮೊದಲ ಅಧ್ಯಕ್ಷ ಮೇಕೆ ಕೊಯ್ದು ಊಟ ಹಾಕಿದ್ದನ್ನು ಕಣ್ಣಾರೆ ಕಂಡವರು ನಾವು. ಆ ದಿನ ಸಂತ ಫಾನೂರಿಯೋಸನ ದಿನ, ಆ ಸಂತನ ಹೆಸರು ಹೊತ್ತ ಕಪ್ತಾನನ ಹೆಸರಿನ ಹಬ್ಬ, ಹೆಸರಿನ ಹಬ್ಬಕ್ಕೆ ಊಟ ಹಾಕಿದ್ದೇ ಹೊರತು ಫಲಕಕ್ಕಲ್ಲ ಎಂಬುದು ಯಾರಿಗೂ ನೆನಪಿರಲಿಲ್ಲ. ಮೇಕೆ ನೆನಪಿತ್ತು. ಹಾಗೆಂದು ಎದ್ದುನಿಂತು "ಅಧ್ಯಕ್ಷರು ಊಟ ಹಾಕಬೇಕೇ?" ಎಂದು ಕೇಳುವ ಹಾಗೂ ಇಲ್ಲ. ಕೇಳಿದವನು ಜಿಪುಣ. ಪ್ರತಿಯೊಬ್ಬರೂ ತಮ್ಮ ತಮ್ಮೊಳಗೇ ಜನ ಎಣಿಸಿ, ಕಡಲೆ ಎಣಿಸಿ, ಸೂರು ನೋಡಿದರು.

ಮೊಸ್ಕೂಲಾ ಸುಮ್ಮನಿರಲಾರದೆ ಮನೆಮನೆಗೆ ಹೊರಟಳು, ಜೊತೆಗೆ ನಾನು. ಮೊದಲು ಪ್ರೊಕೋಪಿಸನ ದೊಡ್ಡಿಗೆ.

"ನೀನೇ ನಿಂತ್ಕೊಳೋ ಪ್ರೊಕೋಪಿಸ್. ಗುಡ್ಡ ದಿನಾ ನೋಡೋನು ನೀನು. ಆ ಕಂಪನಿಯೋರು ಬಂದ್ರೆ ನಿನ್ನ ಮೇಕೆ ಎಲ್ಲಿ ಮೇಯ್ತವೆ?"

"ನಿಲ್ಲಬೌದಿತ್ತು ಅಕ್ಕ," ಅಂದ ಅವನು ಹಾಲು ಕರೆಯುತ್ತಲೇ. "ಆದ್ರೆ ಈ ಸಲ ಮರಿ ಕಡಿಮೆ."

"ಮರಿಗೂ ಅಧ್ಯಕ್ಷಗಿರಿಗೂ ಏನೋ ಸಂಬಂಧ?" ಅಂದೆ ನಾನು. ಮೊಸ್ಕೂಲಾ ನನ್ನ ಪಕ್ಕೆ ತಿವಿದಳು. ಅವಳಿಗೆ ಅರ್ಥವಾಗಿತ್ತು. ನನಗೂ ಆಗಿತ್ತು, ಆದರೆ ಅವನ ಬಾಯಿಂದ ಬರಲಿ ಎಂದು.

ಅಲ್ಲಿಂದ ಬಂದರಿಗೆ ಇಳಿದೆವು, ಆರ್ಗೀರೋಳ ಕಾಫಿ ಅಂಗಡಿಗೆ. ಆರ್ಗೀರೋ ಮಾತಿನ ಮಲ್ಲಿ. ಅವಳು ಅಧ್ಯಕ್ಷೆಯಾದರೆ ಕಂಪನಿ ತಾನಾಗಿ ಓಡಿಹೋಗುತ್ತದೆ ಎಂದು ನಮ್ಮ ಲೆಕ್ಕ.

"ನಂಗೇನು ಆಸೆ ಇಲ್ವಾ?" ಅಂದಳು ಆರ್ಗೀರೋ. "ಆದ್ರೆ ದೊಡ್ಡ ಕೊಪ್ಪರಿಗೆ ತಳ ತೂತಾಗಿದೆ ಕಣೇ."

"ಬೆಸುಗೆ ಹಾಕ್ಸು."

"ಹಾಕ್ಸಿದ್ರೂ ಅಷ್ಟು ಜನಕ್ಕೆ..." ಎಂದವಳು ಬಾಯಿ ಕಚ್ಚಿಕೊಂಡು, "ಕಾಫಿ ಕುಡೀತೀರಾ?" ಅಂದಳು.

ವಾಪಸ್ಸು ಗುಡ್ಡ ಹತ್ತುವಾಗ ಮೊಸ್ಕೂಲಾ ಅಪ್ಪನ ಗಿರಣಿಯ ಮೊಂಡು ಗೋಡೆ ಕಾಣುವ ತಿರುವಿನಲ್ಲಿ ನಿಂತು, "ಕಡಲೆಗೋಸ್ಕರ ಗುಡ್ಡ ಹೋಗ್ಬಿಡುತ್ತಾ ಕಣೇ?" ಅಂದಳು. ನಾನು ಅವಳ ಚೀಲ ಹಿಡಿದುಕೊಂಡೆ.

ಆ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳಂತೆ. "ನಾನೇ ನಿಲ್ತೀನಿ. ಊರಿಗೆ ಊಟ ಹಾಕ್ಬೇಕಾಗುತ್ತೆ."

ಯಾಕೂಮಿಸ್ ಬ್ರೆಡ್ಡು ಅದ್ದಿಕೊಂಡು ತಿಂದು ಮುಗಿಸಿ, "ಯಾವತ್ತು?" ಅಂದನಂತೆ. ಅಷ್ಟೇ. ಮರುದಿನದಿಂದ ಅವರ ಅಂಗಳದ ತಂತಿಯ ಮೇಲೆ ಒಣಗಲು ಹಾಕಿದ ಆಕ್ಟೋಪಸ್ಸು ದಿನಾ ಹೆಚ್ಚುತ್ತ ಹೋದವು. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ಕಾಲ ಅದು, ಮಾಂಸ ಇಲ್ಲ, ಚೀಸ್ ಇಲ್ಲ, ಮೀನೂ ಇಲ್ಲ. ಕೆಂಪು ರಕ್ತವಿಲ್ಲವೆಂದು ಆಕ್ಟೋಪಸ್ಸು ನಡೆಯುತ್ತದೆ, ಕಡಲೆ ನಡೆಯುತ್ತದೆ. "ಸಂತ ಎಲಿಯಾಸ ನನ್ನ ಕಡೆ ಇದ್ದಾನೆ ಕಣೇ," ಅಂದಳು ಮೊಸ್ಕೂಲಾ, "ಮೇಕೆ ಕೊಯ್ಯೋ ಕಾಲದಲ್ಲಿ ಸಭೆ ಬಂದಿದ್ರೆ ಯಾಕೂಮಿಸ್‌ನ ದೋಣೀನೇ ಕೊಯ್ಬೇಕಿತ್ತು."

ಮಗಳ ಮದುವೆಗೆಂದು ಎತ್ತಿಟ್ಟ ಕಡಲೆ ಬಂತು. ಅಕ್ಕನ ಮನೆಯಿಂದ ಒಂದು ಚೀಲ ಬಂತು. ಬೇಕರಿಯ ಮೆಟ್ಟಿಲ ಮೇಲೆ ಚೀಲದ ಮೇಲೆ ಚೀಲ.

ಮಿರ್ತೊ ಬುಧವಾರ ಬೆಳಿಗ್ಗೆ ಬ್ರೆಡ್ಡಿಗೆ ಬಂದಳು. ಮುಖ ಸಪ್ಪಗಿತ್ತು. ಶನಿವಾರ ಕೊನೆಯ ಸಭೆ, ಭಾನುವಾರ ಸಂಜೆಯ ಹಡಗಿನಲ್ಲಿ ಅವಳು ಅರ್ಜಿ ಒಯ್ಯಬೇಕು. ಆಮೇಲೆ ಕಳಿಸಿದರೆ ಈಸ್ಟರ್ ಒಳಗೆ ಮುಟ್ಟುವುದಿಲ್ಲ. ಚೀಲ ಎಡವಿ, "ಏನು ದೊಡ್ಡಮ್ಮ ಇಷ್ಟೊಂದು ಕಡಲೆ? ಮದುವೆನಾ?" ಅಂದಳು.

"ನಿನ್ನ ಸಂಘಕ್ಕೇ ಕಣಮ್ಮ. ನಾನು ನಿಲ್ತಾ ಇದೀನಿ."

ಹುಡುಗಿಯ ಮುಖ ಅರಳಿತು. ಕೌಂಟರಿನ ಮೇಲಿಂದ ಬಗ್ಗಿ ಮೊಸ್ಕೂಲಾಳ ಕೆನ್ನೆಗೆ ಮುತ್ತು ಕೊಟ್ಟಳು. ಮೂಗಿಗೆಲ್ಲ ಹಿಟ್ಟು. ಆಮೇಲೆ ನಿಧಾನವಾಗಿ, "ಸರಿ, ಕಡಲೆ ಯಾಕೆ?" ಅಂದಳು.

"ಊಟಕ್ಕೆ."

"ಯಾವ ಊಟ?"

"ಅಧ್ಯಕ್ಷರು ಹಾಕೋ ಊಟ."

"ಅಧ್ಯಕ್ಷರು ಯಾಕೆ ಊಟ ಹಾಕ್ತಾರೆ?"

ಮೊಸ್ಕೂಲಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅಥೆನ್ಸಿನಲ್ಲಿ ಬೆಳೆದ ಮಗುವಿಗೆ ಇದನ್ನು ಹೇಗೆ ಬಿಡಿಸಿ ಹೇಳುವುದು? ಕಪ್ತಾನನ ಮೇಕೆ, ಸಂತನ ಪಟ, ಎಲ್ಲ ಹೇಳಿದೆವು. ಮಿರ್ತೊ ಚೀಲದ ಮೇಲೆ ಕುಸಿದು ಕೂತಳು. "ಅದಕ್ಕಾ ದೊಡ್ಡಮ್ಮ? ಅದಕ್ಕಾ ಯಾರೂ ನಿಲ್ಲಲಿಲ್ಲ? ನಾನು ಪ್ರೊಫೆಸರ್ ಕರ್ಕೊಂಡು ಬಂದೆನಲ್ಲ." ನಗುವೋ ಅಳುವೋ ಗೊತ್ತಾಗದ ಹಾಗೆ ಶುರುವಾದದ್ದು ಕೊನೆಗೆ ನಗುವೇ ಆಯಿತು. ಮೊಸ್ಕೂಲಾಳೂ ನಕ್ಕಳು. ನಾನಂತೂ ಗೋಡೆ ಹಿಡಿದುಕೊಂಡು ನಕ್ಕೆ. ಬ್ರೆಡ್ಡಿಗೆ ಬಂದವರು ಹೊರಗೇ ನಿಂತು, ಒಳಗೆ ಯಾರಿಗೋ ಏನೋ ಆಗಿದೆ ಎಂದುಕೊಂಡರು.

"ಶನಿವಾರ ನಾನೇ ಎದ್ದು ಹೇಳ್ಬಿಡ್ತೀನಿ, ಊಟ ಹಾಕೋದು ಬೇಡ ಅಂತ," ಅಂದಳು ಮಿರ್ತೊ ಕಣ್ಣೊರೆಸಿಕೊಂಡು.

"ಹಾಗೆ ಮಾತ್ರ ಮಾಡ್ಬೇಡ ಮಗಳೇ," ಅಂದಳು ಮೊಸ್ಕೂಲಾ. "ನಾವೇನು ಊಟಕ್ಕೆ ಹೆದರ್ಕೊಂಡು ಕೂತಿದ್ವಾ ಅಂತ ಎಲ್ರೂ ಎದ್ದು ಹೋಗ್ತಾರೆ. ಆಮೇಲೆ ಅವರ ಮನೆ ಬಾಗಿಲಿಗೆ ಹೋಗಿ ಕೈಮುಗಿದ್ರೂ ಬರಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೋಡೇ, ಇದು ಗುಟ್ಟು. ನಿನ್ನ ಹತ್ರಾನೇ ಇರ್ಲಿ. ಯಾರಿಗೂ ಹೇಳ್ಬೇಡ," ಅಂದಳು.

ಅವಳು ಯಾಕೆ ಹಾಗಂದಳೆಂದು ನನಗೆ ಗೊತ್ತು. ಅವಳಿಗೂ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಬಂದರಿನಲ್ಲಿ ಮೀನು ಹರಡುವವರಿಗೂ, ಅಧ್ಯಕ್ಷರು ಊಟ ಹಾಕಬೇಕಾಗಿಲ್ಲವಂತೆ ಎಂಬ ಸುದ್ದಿ ತಲುಪಿತ್ತು.

ಶನಿವಾರದ ಸಭೆಗೆ ಕೂರಲು ಜಾಗವಿರಲಿಲ್ಲ. ಮಿರ್ತೊ ಬಾಯಿ ತೆರೆದು "ಯಾರು" ಅನ್ನುವಷ್ಟರಲ್ಲಿ ಕೈಗಳು ಎದ್ದವು, ಬಿತ್ತಿದ ಬಾರ್ಲಿ ಮಳೆಗೆ ಎದ್ದ ಹಾಗೆ. ಎಲ್ಲರ ಮುಂದೆ ಪ್ರೊಕೋಪಿಸನ ಕೈ.

"ನಾನು ಮೊದಲಿಂದ್ಲೂ ಗಾಳಿ ಪರಾನೇ," ಅಂದ.

"ಮೊದಲಿಂದ ಅಂದ್ರೆ ಬುಧವಾರದಿಂದ," ಅಂತ ಯಾರೋ ಹಿಂದಿನಿಂದ.

"ನೀನ್ಯಾಕೋ ಕೈ ಎತ್ತಿದೀಯ? ನಿಂಗೆ ಬಲ್ಬು ಬದಲಾಯ್ಸೋಕೂ ಬರಲ್ಲ."

"ನಿಮ್ಮಣ್ಣನಿಗೆ ಸಹಿ ಹಾಕೋಕೇ ಬರಲ್ಲ. ಅವನೂ ಎತ್ತಿಲ್ವಾ?"

ನಗೆ ಜೋರಾಯಿತು. ಆದರೆ ಹೊತ್ತು ಹೋದ ಹಾಗೆ ನಗೆ ಕಡಿಮೆಯಾಗಿ ಜಗಳ ಹೆಚ್ಚಾಯಿತು. ಯಂತ್ರ ನಿಲ್ಲುವುದು ನಮ್ಮ ಕಡೆ, ಅಧ್ಯಕ್ಷರು ಮೇಲೂರಿನವರೇ ಆಗಬೇಕು ಎಂದು ಇವರು. ತಂತಿ ಇಳಿದು ಬರುವುದು ನಮ್ಮಲ್ಲಿಗೆ, ಬಂದರಿನವರೇ ಆಗಬೇಕು ಎಂದು ಅವರು. ಚೀಟಿ ಎತ್ತೋಣ ಎಂದರು ಪಾದ್ರಿಗಳು. ಎತ್ತುವ ಕೈ ಯಾರದು ಎಂಬುದಕ್ಕೆ ಮತ್ತೊಂದು ಜಗಳ. ಬಂದರಿನ ಕೆಲವರು ಟೋಪಿ ಹಾಕಿಕೊಂಡು ಹೊರಡಲು ಎದ್ದರು. ಮಿರ್ತೊ ಆ ಸಹಿಯಿಲ್ಲದ ಅರ್ಜಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದಳು. ನಿನ್ನೆ ಯಾರಿಗೂ ಬೇಡವಾದದ್ದು ಇವತ್ತು ಎಲ್ಲರಿಗೂ ಬೇಕಾಗಿ, ಗುಡ್ಡ ಕೈಬಿಟ್ಟು ಹೋಗುವ ಹಾಗೆ ಕಂಡಿತು.

ಆಗ ಮೊಸ್ಕೂಲಾ ಮಕ್ಕಳ ಬೆಂಚಿನ ಮೇಲೆ ಹತ್ತಿ ನಿಂತಳು. ಚರ್ಚಿನಲ್ಲಿ ಹಾಡುವ ಅದೇ ಗಂಟಲು.

"ನಾನಿನ್ನೂ ಕೈ ಎತ್ತಿಲ್ಲ. ಈಗ ಎತ್ತುತೀನಿ, ಕೇಳಿಸ್ಕೊಳ್ಳಿ. ಅಧ್ಯಕ್ಷರಾದವರು ಊಟ ಹಾಕ್ಬೇಕಾಗಿಲ್ಲ."

ಆಡಬಾರದ ಮಾತು ಆಡಿಬಿಟ್ಟಿದ್ದಳು.

"ಹಾಕ್ಬೇಕು ಅಂತ ಯಾರು ಅಂದ್ರು?" ಅಂದಳು ಆರ್ಗೀರೋ ಮೆಲ್ಲಗೆ.

"ಯಾರೂ ಅನ್ಲಿಲ್ಲ. ನೀನೂ ಅನ್ಲಿಲ್ಲ, ನಾನೂ ಅನ್ಲಿಲ್ಲ. ಬಾಯಿ ಬಿಟ್ಟಿದ್ರೆ ಈ ಚಳಿಗಾಲ ಸೂರು ನೋಡ್ತಾ ಕೂರೋದು ತಪ್ತಿತ್ತು. ಈಗ ನಾನು ಬಿಡ್ತೀನಿ. ಹಾಕ್ಬೇಕಾಗಿಲ್ಲ, ಆದ್ರೂ ನಾನು ಹಾಕ್ತೀನಿ. ಊರೆಲ್ಲ ಸೇರಿ ಒಂದು ಯಂತ್ರ ತರ್ತೀವಂತೆ, ಒಟ್ಟಿಗೆ ಕೂತು ನಾಲ್ಕು ತುತ್ತು ತಿನ್ನದೆ ಅವರವರ ಮನೆಗೆ ಹೋಗ್ತೀವಾ? ಅಂಥಾ ಜನಾನಾ ನಾವು? ಕಡಲೆ ನೆಂದಿದೆ. ನಾಳೆ ಚರ್ಚ್ ಮುಗಿಸ್ಕೊಂಡು ಎಲ್ರೂ ಶಾಲೆ ಅಂಗಳಕ್ಕೆ ಬನ್ನಿ. ನನ್ನ ಆರಿಸಿದ್ರೂ ಬನ್ನಿ, ಬಿಟ್ರೂ ಬನ್ನಿ. ಆದ್ರೆ ಇವತ್ತು ಯಾರದಾದ್ರೂ ಒಬ್ಬರ ಹೆಸರು ಹೇಳದೆ ಈ ಬಾಗಿಲು ದಾಟ್ಬೇಡಿ. ನಮ್ಮಪ್ಪ ಆ ಗುಡ್ಡ ನೋಡ್ತಾ ನೋಡ್ತಾನೇ ಸತ್ತ. ನಾನೂ ಹಾಗೆ ಕೂತ್ಕೊಳಲ್ಲ."

ಒಂದು ಕೈ ಇಳಿಯಿತು. ಇನ್ನೊಂದು ಇಳಿಯಿತು. ಟೋಪಿ ಹಾಕಿಕೊಂಡವರು ತೆಗೆದರು. ಕೊನೆಗೆ ಉಳಿದದ್ದು ಪ್ರೊಕೋಪಿಸನ ಕೈ ಒಂದೇ. ಅವನ ಕಿವಿ ಕೆಂಪಾಗಿತ್ತು.

"ವೈನು ನಂದು," ಅಂದ.

"ವೈನೋ ನೀರೋ?" ಅಂತು ಹಿಂದಿನ ಬೆಂಚು.

"ಬಾಯಿಟ್ಟು ನೋಡು. ಒಂದು ತೊಟ್ಟು ನೀರು ಸಿಕ್ರೆ ಇಡೀ ಹಿಂಡು ನಿಂದು. ಹೊಡ್ಕೊಂಡು ಹೋಗು."

"ಹಾಗಾದ್ರೆ ನೀನೇ ಆಗೋ ಪ್ರೊಕೋಪಿಸ್," ಅಂದಳು ಮೊಸ್ಕೂಲಾ. "ಗುಡ್ಡ ಉಳಿದ್ರೆ ಸಾಕು ನಂಗೆ."

ಅವನು ತಲೆ ಕೆರೆದುಕೊಂಡ. "ಕಡಲೆ ಯಾರು ಬೇಯಿಸೋದು?"

"ನಾನೇ."

"ಊಟ ನಿಂದು, ಕುರ್ಚಿ ನಂದು ಅಂದ್ರೆ ಜನ ಏನಂತಾರೆ ಅಕ್ಕ? ನಮ್ಮ ಮನೆಗೆ ಈಗಿರೋ ಹೆಸರೇ ಸಾಕು. ಈ ವರ್ಷ ನೀನಾಗು. ಮುಂದಿನ ವರ್ಷ ನಾನು, ಮೇಕೆ ಸಮೇತ." ಎಂದು ಕೈ ಇಳಿಸಿದ.

ಮತ ಹಾಕುವಾಗ ಈ ಸಲ ಎಲ್ಲ ಕೈಗಳೂ ಒಬ್ಬಳಿಗೇ ಎದ್ದವು. ಯಾಕೂಮಿಸ್ ಎರಡೂ ಕೈ ಎತ್ತಿದ್ದ. "ಒಬ್ಬರಿಗೆ ಒಂದೇ ಮತ ದೊಡ್ಡಪ್ಪ," ಎಂದು ಮಿರ್ತೊ ಒಂದನ್ನು ಇಳಿಸಿದಳು. ಮೊಸ್ಕೂಲಾ ಅರ್ಜಿಗೆ ಸಹಿ ಹಾಕಿದಳು. ಅಲ್ಲಿಂದ ನೇರ ಓಡಿದ್ದು ಒಲೆಗೆ ಬೆಂಕಿ ಹಾಕಲು.

ಭಾನುವಾರದ ಊಟದ ಬಗ್ಗೆ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಬರಿಗೈಯಲ್ಲಿ ಯಾರು ಬರುತ್ತಾರೆ? ಆರ್ಗೀರೋ ಎಳ್ಳಿನ ಹಲ್ವ ತಂದಳು, ಪಾದ್ರಿಗಳು ಆಲಿವ್ ತಂದರು. ಪ್ರೊಕೋಪಿಸನ ವೈನನ್ನು ಪ್ರತಿಯೊಬ್ಬರೂ ಬೇಕೆಂದೇ ಬೆಳಕಿಗೆ ಹಿಡಿದು ನೋಡಿ ಕುಡಿದರು. ಅವನು ಪೀಪಾಯಿಯ ಪಕ್ಕದಲ್ಲೇ ಎದೆ ಉಬ್ಬಿಸಿಕೊಂಡು ನಿಂತಿದ್ದ. ಉಪವಾಸದ ಕಾಲ, ಕುಣಿಯಬಾರದು. ಕಾಲು ಮಾತ್ರ ಮೇಜಿನ ಕೆಳಗೆ ಸುಮ್ಮನಿರಲಿಲ್ಲ. ಮಿರ್ತೊ ಹಡಗು ಹತ್ತಿದಾಗ ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ ಕಡಲೆಯ ಗಡಿಗೆ. "ಆಫೀಸಿನವರಿಗೂ ಕೊಡಮ್ಮ," ಎಂದು ಮೊಸ್ಕೂಲಾ ಕಟ್ಟೆಯ ಮೇಲಿಂದ ಕೂಗಿದ್ದು ಹಡಗಿನ ಸೈರನ್ನಿಗಿಂತ ಚೆನ್ನಾಗಿ ಕೇಳಿಸಿತು.

ಗುಡ್ಡ ನಮಗೇ ಸಿಕ್ಕಿತು. ಕಂಪನಿಯವರು ಮತ್ತೆ ಬರಲಿಲ್ಲ. ಯಂತ್ರ ತರಲು ಪಾಲು ಕೂಡಿಸುವಾಗ ಸಂಘಕ್ಕೆ ಹೊಸ ಮನೆಗಳು ಸೇರಿದವು. ಪಕ್ಕದ ದ್ವೀಪದವರೂ ಬಂದು, ನೀವು ಹೇಗೆ ಮಾಡಿದಿರಿ ಎಂದು ಕೇಳಿದರು. ಅವರಿಗೂ ಊಟ ಹಾಕಿ ಕಳಿಸಿದೆವು. ಯಂತ್ರದ ರೆಕ್ಕೆ ಬಂದದ್ದು ಇನ್ನೊಂದು ಹಬ್ಬ. ಬಂದರಿನ ತಿರುವಿನಲ್ಲಿ ಲಾರಿ ಸಿಕ್ಕಿಹಾಕಿಕೊಂಡಿತು. ರೆಕ್ಕೆಯ ತುದಿ ಆರ್ಗೀರೋಳ ಬಾಲ್ಕನಿಯ ಮೇಲೆ ಹಾದಿತ್ತು. ಅವಳು ಹೂಕುಂಡಗಳನ್ನು ಎತ್ತಿ ಒಳಗಿಟ್ಟು, ಚಾಲಕನಿಗೆ ಮೇಲಿನಿಂದಲೇ ಹಗ್ಗ ಕಟ್ಟಿ ಕಾಫಿ ಇಳಿಸಿದಳು. ಊರಿನ ಗಂಡಸರೆಲ್ಲ ತಲೆಗೊಂದು ಮಾತು ಹೇಳಿದ್ದರಿಂದ ಲಾರಿ ಹೊರಡಲು ಸಂಜೆಯಾಯಿತು.

ಯಂತ್ರ ತಿರುಗತೊಡಗಿದ ಮೇಲೆ ಒಂದು ಮಾರ್ಚ್ ತಿಂಗಳು. ಪ್ರವಾಸಿಗಳಿಲ್ಲ, ಉತ್ತರದ ಗಾಳಿ ಗಟ್ಟಿಯಾಗಿ ಹಿಡಿದಿತ್ತು. ನಾನು ಬೇಕರಿಯಲ್ಲಿ ಕೂತಿದ್ದೆ. ಫೋನು ಬಂತು, ಆರ್ಗೀರೋ. ಅವಳ ಮಾತು ಬೀದಿಗೂ ಕೇಳುತ್ತಿತ್ತು.

"ಮೊಸ್ಕೂಲಾ, ಏನೋ ಆಗಿದೆ ಕಣೇ. ನನ್ನ ಕಿವಿ ಹೋಯ್ತೋ ಏನೋ. ಡೀಸೆಲ್ ಎಂಜಿನ್ ಸದ್ದೇ ಇಲ್ಲ."

"ಕರೆಂಟ್ ಹೋಗಿದ್ಯಾ?"

"ಇಲ್ಲ, ದೀಪ ಉರೀತಿದೆ. ಫ್ರಿಜ್ ನಡೀತಿದೆ."

ಮೊಸ್ಕೂಲಾ ಫೋನು ಹಿಡಿದುಕೊಂಡೇ ಬಾಗಿಲಿಗೆ ಬಂದು ಗುಡ್ಡದ ಕಡೆ ನೋಡಿದಳು. ರೆಕ್ಕೆಗಳು ಒಂದೇ ಸಮ ತಿರುಗುತ್ತಿದ್ದವು. "ಹಾಗಾದ್ರೆ ಎಂಜಿನ್ ನಿಲ್ಸಿದಾರೆ ಕಣೇ," ಅಂದಳು. "ನಮ್ಮದೇ ಸಾಕಾಗಿದೆ." ಅಷ್ಟು ಹೇಳಿ ಏಪ್ರನ್ನಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಇನ್ನಷ್ಟು ಮೆತ್ತಿಕೊಂಡಿತು.

ಅಂಗಡಿಗೆ ಬಾಗಿಲು ಹಾಕಿ ಇಬ್ಬರೂ ಬಸ್ಸು ಹಿಡಿದು ಇಳಿದೆವು. ಬಂದರಿನವರೆಲ್ಲ ಮನೆಯಿಂದ ಹೊರಗೆ ಬಂದು ನಿಂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ದೋಣಿಯ ಹಗ್ಗ ಕಿರುಗುಟ್ಟುವುದು ಕೇಳುತ್ತಿತ್ತು. ಯಾರದೋ ಮನೆಯಲ್ಲಿ ಚಮಚ ಬಿದ್ದದ್ದು ಕೇಳಿಸಿತು. ಆರ್ಗೀರೋಳ ಅಂಗಡಿಯ ಮಾಳಿಗೆಯಿಂದ ಅವಳ ಗಂಡನ ಮಧ್ಯಾಹ್ನದ ಗೊರಕೆ ಇಡೀ ಬಂದರಿಗೆ ಕೇಳುತ್ತಿತ್ತು, ದಡಕ್ಕೆ ಹಡಗು ಎಳೆದ ಹಾಗೆ.

ಆರ್ಗೀರೋ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. "ಇಷ್ಟು ವರ್ಷದಿಂದ ಈ ಮನುಷ್ಯ ಹೀಗೆ ಗೊರಕೆ ಹೊಡೀತಿದ್ನಾ? ನಂಗೆ ಗೊತ್ತೇ ಇರ್ಲಿಲ್ಲ ಕಣೇ. ಒಂದೇ ಒಂದು ಎಂಜಿನ್ ವಾಪಸ್ ಹಾಕ್ಸೋಕೆ ಆಗಲ್ವಾ ಅಧ್ಯಕ್ಷರೇ?"

"ನನ್ನ ವರ್ಷ ಎಂದೋ ಮುಗೀತಲ್ಲೇ," ಅಂದಳು ಮೊಸ್ಕೂಲಾ. "ಸರದೀಲಿ ಈಗ ಯಾರಿದ್ದಾರೋ ಅವರನ್ನ ಕೇಳು. ಊಟ ಹಾಕ್ತಾರೆ, ಗೊರಕೆ ನಿಲ್ಲಿಸ್ತಾರೋ ಇಲ್ವೋ ಗೊತ್ತಿಲ್ಲ."